ಮೇನ್ ಗ್ರೂಪಿನ ಹುದ್ದೆ

ಸಗರ,
೧೪ ಜೂನ್ ೨೦೨೫

ಪ್ರೀತಿಯ ಆಮೀನಾ,

ಯಾದಗಿರಿಯ ಬಿಸಿಲು, ನಿನ್ನ ಒಂಬತ್ತನೇ ತರಗತಿಯ ಮಕ್ಕಳು, ಇವೆರಡರಲ್ಲಿ ಈಗ ಯಾವುದು ಹೆಚ್ಚು ಸುಡುತ್ತಿದೆ? ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಿದ್ದರೆ ನೀನು ನಗುತ್ತಿದ್ದೆ, ನಡುವೆ ನಾನು ಅಳುತ್ತಿದ್ದೆ. ಅದಕ್ಕೇ ಕಾಗದ.

ಸುದ್ದಿ ಏನೆಂದರೆ, ಪಿಎಚ್.ಡಿ. ಮುಗಿಯುವ ಮೊದಲೇ ನನಗೆ ಸರ್ಕಾರಿ ಹುದ್ದೆ ದೊರೆತಿದೆ. ನನಗೇ ತಿಳಿದಿರಲಿಲ್ಲ, ಭಾನುವಾರ ಸುರಪುರದಿಂದ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ತಿಳಿಸಿದರು. ಗಂಡು ಪ್ರವೀಣಕುಮಾರ, ಗುಮಾಸ್ತ. ಅವನ ಸೋದರತ್ತೆ ಮುದುಕಮ್ಮ ಮಂಡಕ್ಕಿ ಸುಸಲಾ ಬಾಯಿಗಿಟ್ಟುಕೊಂಡೇ ಕೇಳಿದಳು:

“ಗ್ರೂಪಿನ್ಯಾಗ ನೌಕರಿ ಅಂತಲ್ಲವಾ. ಸಿ ಗ್ರೂಪೋ, ಡಿ ಗ್ರೂಪೋ?”

ನನ್ನ ಸಂಶೋಧನೆಯ ಬಗ್ಗೆ ಕೇಳುತ್ತಿದ್ದಾಳೆಂದುಕೊಂಡು, “ಮೇನ್ ಗ್ರೂಪ್‌ರಿ,” ಎಂದೆ.

“ಯವ್ವಾ! ಎ ಗ್ರೂಪಿಗಿಂತ ಮ್ಯಾಲಿಂದೇನ?”

ವಿಧೇಯಳಾಗಿ ವಿವರಿಸಿದೆ. ಸಿಲಿಕಾನ್, ರಂಜಕದಂಥ ಮೂಲವಸ್ತುಗಳ ಗುಂಪಿಗೆ ಆ ಹೆಸರು. ಅವನ್ನು ಜೋಡಿಸಿ ಹೊಸ ಸಂಯುಕ್ತ ಮಾಡುತ್ತೇನೆ. ಗಾಳಿ ತಾಗಿದರೆ ಹಳದಿ ಹರಳು ಬಿಳಿ ಪುಡಿಯಾಗುತ್ತದೆ.

“ಗಾಳಿ ತಡಿಲಾರದ್ದು ಮಾಡಿ ಏನ್ ಮಾಡ್ತೀ?”

“ಯಾವುದರ ಜೋಡಿ ಕೂಡ್ತದ, ಯಾವುದನ್ನ ಮುರೀತದ ಅಂತ ನೋಡ್ತೀನ್ರಿ.”

“ಅದನ್ನ ನಮ್ಮ ಓಣ್ಯಾಗ ಹೆಣ್ಮಕ್ಕಳು ಓದಲಾರದೇ ಮಾಡ್ತಾರ!”

ನಾನೂ ನಕ್ಕೆ, ಸುಳ್ಳೇಕೆ? ಆಮೇಲೆ ತೀರ್ಪು ಬಂತು: ಇದನ್ನು ಬಿಟ್ಟು ಗ್ರೂಪ್ ಸಿ ಪರೀಕ್ಷೆಗೆ ಕೂತರೆ ಮದುವೆ.

“ಪ್ರಬಂಧ ಕೊಟ್ಟಾಗ್ಯದ್ರಿ. ಬಿಡಂಗಿಲ್ಲ,” ಎಂದೆ.

“ವಿಚಾರ ಮಾಡವಾ.”

“ಮಾಡೀನ್ರಿ. ಬಿಡಂಗಿಲ್ಲ.”

ಪ್ರವೀಣಕುಮಾರ ಚಹಾದ ಕಪ್ಪಿನೊಳಗೆ ಏನನ್ನೋ ಸಂಶೋಧಿಸುತ್ತಲೇ ಇದ್ದ. ಸಂಬಂಧ ಅಲ್ಲಿಗೇ ಮುಗಿಯಿತು.

ನಿನ್ನ ಹುಡುಗಿಯರಲ್ಲಿ ಒಬ್ಬಳಾದರೂ ರಸಾಯನಶಾಸ್ತ್ರ ಓದಿ ಜಿಲ್ಲೆಯ ಸೋದರತ್ತೆಯರನ್ನೆಲ್ಲ ಕಂಗೆಡಿಸಲಿ ಎಂದು ಹರಸುತ್ತೇನೆ. ಅಮ್ಮಿಗೆ ನನ್ನ ಸಲಾಮು.

ನಿನ್ನ,
ಪಂಚಶೀಲಾ

ಇನ್ನೊಂದು ಮಾತು: ಗ್ರೂಪಿನ ನೌಕರಿ ಎಂದು ಅವರಿಗೆ ಹೇಳಿದ್ದು ಅಪ್ಪ. ತಪ್ಪು ತಿಳಿದಲ್ಲ, ಆಮೀನಾ. ಹೊಲದ ಬದುವಿನ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ನಾನೇ ಅಪ್ಪನಿಗೆ ನನ್ನ ಸಂಶೋಧನೆಯನ್ನೆಲ್ಲ ತಿಳಿಸಿದ್ದೆ. “ಮತ್ಯಾಕ ಹಂಗ ಹೇಳಿದಿ?” ಎಂದು ಕೇಳಿದರೆ, “ಇಷ್ಟು ವಯಸ್ಸಾದ್ರೂ ಮಗಳು ಇನ್ನಾ ಓದಾಕತ್ಯಾಳ ಅನ್ನಾಕ ನಾಚಿಕಿ ಬರ್ತದವ್ವಾ,” ಎಂದರು. ಮುದುಕಮ್ಮನದು ನಾಟಲಿಲ್ಲ; ಇದು ನಾಟಿತು. ಮುಂದಿನ ತಿಂಗಳು ನನ್ನ ಮೌಖಿಕ ಪರೀಕ್ಷೆ, ಯಾರು ಬೇಕಾದರೂ ಬಂದು ಕೇಳಬಹುದು. ಅಪ್ಪನನ್ನು ಮೊದಲ ಸಾಲಿನಲ್ಲೇ ಕೂರಿಸುತ್ತೇನೆ. ನಾಚಿಕೆ ಬರುವುದಾದರೆ ಅಲ್ಲೇ, ಎಲ್ಲರೆದುರಿಗೆ ಬರಲಿ. ನೀನು ಪಕ್ಕದ ಕುರ್ಚಿಯಲ್ಲಿ ಕೂತು, ಅವರು ಎದ್ದು ಹೋಗದಂತೆ ಧೋತರದ ಚುಂಗು ಹಿಡಿದಿರು.