ಜಬಲ್ ಶಮ್ಸ್‌ಗೆ ನಾನೊಬ್ಬಳೇ

ರೀ,

ನಿಮ್ಮ ನಿದ್ದೆ ಕೆಡಿಸೋದು ಬೇಡ ಅಂತ ಬರೆದಿಟ್ಟು ಜಬಲ್ ಶಮ್ಸ್ ಬೆಟ್ಟಕ್ಕೆ ಹೊರಟಿದ್ದೀನಿ. ನಿಮ್ಮ ಆಫೀಸಿನ ಆಂಡ್ರ್ಯೂ, ಅವರ ಹೆಂಡತಿ ರೋಸಲಿಂಡ್ ಜೀಪಿನಲ್ಲಿ ಕಾಯ್ತಿದ್ದಾರೆ.

ಚಿತ್ರಾನ್ನ ಡಬ್ಬಿಯಲ್ಲಿದೆ, ಮೊಸರು ಫ್ರಿಜ್ಜಿನಲ್ಲಿ. ಕಾಲು ದಿಂಬಿನ ಮೇಲೇ ಇರಲಿ. ಶುಕ್ರವಾರದ ರಜೆ ಅಂತ ಕೆಳಗಿನ ಮನೆ ಚಲುವರಾಜು ಕೇರಂಗೆ ಕರೆದರೆ ಅವರೇ ಮೇಲೆ ಬರಲಿ, ನೀವು ಮೆಟ್ಟಿಲು ಇಳಿಯಕೂಡದು. ಈ ವಯಸ್ಸಿನಲ್ಲಿ ಶಟಲ್ ಆಡೋಕೆ ಹೋಗಿ ಕಾಲು ಉಳುಕಿಸಿಕೊಂಡವರಿಗೆ ಇಷ್ಟಾದರೂ ಹೇಳಬೇಕಲ್ಲ.

ನಿನ್ನೆ ನಾನೂ ಹೋಗಲ್ಲ ಅಂದಾಗ, "ನನ್ನ ಕಾಲಿಗೆ ನೀನೇನು ಕಾವಲು ಕೂರ್ತೀಯ? ಹೋಗಿ ಬಾ" ಅಂದ್ರಿ. ಹೋದ ವರ್ಷ ಆ ಪ್ರಪಾತದ ಅಂಚಿನ ಕಿರುದಾರಿಯಲ್ಲಿ ಕೆಳಗೆ ನೋಡಿ ಹೆದರಿ ನಾನು ಕೂತೇಬಿಟ್ಟೆ. ಉಳಿದವರೆಲ್ಲ ಪೂರ್ತಿ ಸುತ್ತು ಹಾಕಿ ಬಂದರು. ನೀವು ಮಾತ್ರ ನನ್ನ ಕೈ ಹಿಡಿದು ವಾಪಸ್ ನಡೆದ್ರಿ. "ನನಗೂ ಸುಸ್ತಾಗಿತ್ತು" ಅಂದ್ರಿ. ಅದು ಸುಳ್ಳು ಅಂತ ಅವತ್ತೇ ಗೊತ್ತಿತ್ತು ನನಗೆ.

ಇವತ್ತು ಆ ದಾರಿ ದಾಟ್ತೀನಿ. ಆಚೆ ಬದಿ, ಬಂಡೆ ನೆರಳಿನ ಹೊಂಡದಲ್ಲಿ ಈ ಜನವರಿ ಚಳಿಗೆ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತಂತೆ. ಒಮಾನಿನಲ್ಲಿ ಮಂಜುಗಡ್ಡೆ ಅಂದ್ರೆ ಮೈಸೂರಿನಲ್ಲಿ ಯಾರೂ ನಂಬಲ್ಲ. ಕ್ಯಾಮೆರಾ ತಗೊಂಡಿದ್ದೀನಿ, ರೋಲಿನಲ್ಲಿ ಉಳಿದಿರೋ ಆರು ಫೋಟೋನೂ ಅದಕ್ಕೇ.

ಬರೋದು ರಾತ್ರಿ ಒಂಬತ್ತಾಗುತ್ತೆ. ಬಾಗಿಲು ತೆಗೆಯೋಕೆ ಕುಂಟಿಕೊಂಡು ಏಳಬೇಡಿ, ಕೀ ನನ್ನ ಹತ್ತಿರ ಇದೆ. ಆದರೆ ಮಲಗಿಬಿಡಬೇಡಿ. ಎಲ್ಲಾ ಮೊದಲು ನಿಮಗೇ ಹೇಳಬೇಕು.

ಸುಕನ್ಯಾ