ಎಂಬತ್ತೈದಕ್ಕೆ ಡಿಸ್ಟಿಂಕ್ಷನ್

ಜೂನ್ 9, ಸೋಮವಾರ

ಇವತ್ತೂ ಡೈರಿಗೆ ಹಾಲು ಹಾಕಿದ್ದು ಹೆಂಡತಿ ಅಂಬಿಕ. ಕ್ಯಾನ್ ಮುಟ್ಟಲೂ ಬಿಡುತ್ತಿಲ್ಲ, ಮಹಾತಾಯಿ. ಆಪರೇಷನ್ ಹೊಲಿಗೆ ಒಣಗಿದೆ. ಊರಿಗೆಲ್ಲ ಹರ್ನಿಯಾ ಎಂದೇ ಸುದ್ದಿ... ಕ್ಯಾನ್ಸರ್, ವೃಷಣ ಒಂದನ್ನು ತೆಗೆದರು ಅನ್ನಲು ನಾಚಿಕೆ. ಮನೆಯವರನ್ನು ಬಿಟ್ಟರೆ, ಫ್ಯಾಕ್ಟರಿಯಲ್ಲಿ ನನ್ನ ಜೊತೆ ದುಡಿಯುವ ಅಂಬರೀಶನಿಗೆ ಮಾತ್ರ ಗೊತ್ತು. "ಸಿಂಗಲ್ ಸಿಲಿಂಡರ್ ಗಾಡೀನೇ ಮೈಲೇಜ್ ಕೊಡಾದು ಕಣ್ಲಾ" ಅಂದ. ಹೊಲಿಗೆ ಹಿಡಿದುಕೊಂಡು ನಕ್ಕೆ.

ಜೂನ್ 12

ಡಾಕ್ಟರ್ ಹತ್ತಿರ ಹೋಗಿದ್ದೆವು. ಅಮ್ಮನೂ ಹಟ ಹಿಡಿದು ಬಂದಳು. ರೋಗ ಬೇರೆ ಕಡೆ ಹರಡಿಲ್ಲ. ಗೆಡ್ಡೆ ರಕ್ತನಾಳಕ್ಕೂ ನುಗ್ಗಿಲ್ಲ. "ನಿಮ್ಮಂಥ ನೂರು ಜನರಲ್ಲಿ ಎಂಬತ್ತೈದು ಜನಕ್ಕೆ ಮತ್ತೆ ಬರಲ್ಲ. ಕೀಮೋ ಬೇಡ, ಸ್ಕ್ಯಾನ್ ಮಾಡ್ತಾ ನೋಡೋಣ" ಅಂದರು. ನಾನು ಎಂಬತ್ತೈದರಲ್ಲಿದ್ದೇನೋ, ಹದಿನೈದರಲ್ಲೋ? ಅದನ್ನು ಯಾರೂ ಹೇಳಲಾರರಂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಲೆಕ್ಕ.

ಅದೇ ದಿನ, ಸಂಜೆ

ವಾಪಸ್ ಬರುವಾಗ ಅಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಮೈಸೂರು ಪಾಕ್ ಕೊಂಡದ್ದು ಯಾಕೆಂದು ಈಗ ತಿಳಿಯಿತು. ಪಕ್ಕದ ಮನೆ ಕದಿರಮ್ಮನಿಗೆ ಕೊಡುತ್ತಿದ್ದಾಳೆ.

"ನಮ್ ಮುನೇಶ ಎಂಬತ್ತೈದು ತಗಂಡವ್ನೆ! ಡಿಸ್ಟಿಂಕ್ಷನ್ನು!"

"ಯಾವ್ ಪರೀಕ್ಸೆ ಅಕ್ಕಾ?"

"ಅರ್ನಿಯಾದು!"

ಅಯ್ಯೋ ದೇವರೇ. ಎಸ್ಸೆಲ್ಸಿಯಲ್ಲಿ ನಲವತ್ತೊಂದು ತಂದಾಗ ಇದೇ ಅಮ್ಮ ಪೊರಕೆ ಹಿಡಿದಿದ್ದಳು.

ಆಗಸ್ಟ್ 3, ಭಾನುವಾರ

ಬೆನ್ನು ನೋವು. ಮೊಬೈಲ್‌ನಲ್ಲಿ ಹುಡುಕಿದೆ — ಹುಡುಕಬಾರದಿತ್ತು. ರೋಗ ಮತ್ತೆ ಬಂದರೆ ಬೆನ್ನುನೋವೂ ಬರಬಹುದಂತೆ. ಅನ್ನ ಸೇರಲಿಲ್ಲ. ಅಂಬಿಕಳಿಗೆ ಹೇಳಿದೆ.

"ನಿನ್ನೆ ಹಿಂಡಿ ಮೂಟೆ ಎತ್ತಿದ್ದು ಯಾರಪ್ಪಾ?" ಅಂದಳು.

ನಾನೇ. ಆದರೂ ಭಯ. ಎಣ್ಣೆ ತಿಕ್ಕಿದಳು. ತಿಕ್ಕುತ್ತಲೇ ಸ್ಕ್ಯಾನ್ ಚೀಟಿ ಎಲ್ಲಿಟ್ಟಿದ್ದೇನೆಂದು ಎರಡು ಸಲ ಕೇಳಿದಳು. ನಾಳಿದ್ದು ಸ್ಕ್ಯಾನ್.

ಆಗಸ್ಟ್ 6

ನಿನ್ನೆಯ ಸ್ಕ್ಯಾನ್ ರಿಪೋರ್ಟ್ ಬಂತು. ಕ್ಲೀನ್! ರಕ್ತಪರೀಕ್ಷೆಯೂ ನಾರ್ಮಲ್. ಬೆನ್ನುನೋವು ಮೂಟೆಯದೇ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಅತ್ತೆವು. ಆಮೇಲೆ ಬಂಗಾರಪೇಟೆಯಲ್ಲಿ ಇಳಿದು ಹೊಟ್ಟೆ ಬಿರಿಯುವಷ್ಟು ಪಾನಿಪುರಿ.

ಬಾಗಿಲಲ್ಲೇ ಅಮ್ಮ: "ಎಷ್ಟು ಬಂತ್ಲಾ?"

"ಔಟ್ ಆಫ್ ಔಟ್. ಆದ್ರೆ ಇನ್ನೂ ವರ್ಷಗಟ್ಟಲೆ ಸ್ಕ್ಯಾನ್ ಐತೆ. ಆ ಎಂಬತ್ತೈದು ಮಾರ್ಕ್ಸ್ ಅಲ್ಲಮ್ಮಾ. ಹದಿನೈದು ಜನಕ್ಕೆ ಮತ್ತೆ ಬತ್ತದೆ..."

"ನಂಗೊತ್ತಿಲ್ವೇನ್ಲಾ? ನಾನೂ ಅಲ್ಲೇ ಕುಂತಿರ್ಲಿಲ್ವಾ? ಹದಿನೈದು ಅಂತ ಸ್ವೀಟ್ ಹಂಚಕ್ಕಾಯ್ತದಾ?"

ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಇಷ್ಟು ದಿನ ಇವಳನ್ನು ನೋಡಿ ನಗುತ್ತಿದ್ದೆನಲ್ಲ, ನಾನೊಬ್ಬ ಪೆದ್ದ.

ಹೊರಗೆ ಅಮ್ಮನ ದನಿ. ಮತ್ತೆ ಮೈಸೂರು ಪಾಕ್, ಮತ್ತೆ ಅದೇ ಹರ್ನಿಯಾ ಪರೀಕ್ಷೆ. ಕದಿರಮ್ಮ ನಗುತ್ತಿದ್ದಾಳೆ. ಸಾಕು ಈ ನಾಚಿಕೆ. ಇವತ್ತು ಸ್ವೀಟ್ ಡಬ್ಬ ನಾನೇ ಹಿಡಿದು, ಅದು ಹರ್ನಿಯಾ ಅಲ್ಲ, ಕ್ಯಾನ್ಸರ್ ಪರೀಕ್ಷೆ ಅಂತ ನಾನೇ ಕದಿರಮ್ಮನಿಗೆ ಹೇಳಿ ಬರುತ್ತೇನೆ.