ನಮ್ಮ ತೊಟ್ಟಿಲಿಗೆ ಯಾರ ಅವ್ವನನ್ನು ಕಳಿಸಿದಿರಿ?

ಜನಪದ ಹಾಡು-ಕಥೆಗಳ ದನಿಭಂಡಾರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ನನ್ನ ಅವ್ವನ ಹೆಸರನ್ನು ಕಳೆದಿದ್ದೀರಿ. ದನಿ ಎಲ್ಲೂ ಹೋಗಿಲ್ಲ, ಶಿರಸಿಯ ನಿಮ್ಮ ಕಂಪ್ಯೂಟರಿನಲ್ಲೇ ಇದೆ ಎನ್ನುತ್ತೀರಿ. ಆದರೆ ಯಾವ ದನಿ ಯಾರದು, ಯಾವ ಊರಿನದು ಎಂದು ಹೇಳುವ ಪಟ್ಟಿ, ನಿಮ್ಮ ಮಾತಿನಲ್ಲಿ ಟೇಬಲ್, ಹೊಸ ಕಂಪ್ಯೂಟರಿಗೆ ಸಾಗಿಸುವಾಗ ಅಳಿಸಿಹೋಗಿದೆ. ಬ್ಯಾಕಪ್ ಇದೆಯಂತೆ, ತೆರೆಯುತ್ತಿಲ್ಲವಂತೆ. ಹೀಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸತ್ತವರೆಲ್ಲ ನಿಮ್ಮಲ್ಲಿ ಹೆಸರಿಲ್ಲದೆ ಹಾಡುತ್ತಿದ್ದಾರೆ.

ನನ್ನ ಅವ್ವ ಗುರುಶಾಂತವ್ವ ಬನವಾಸಿ ಕಡೆಯವಳು. ನಿಮ್ಮವರೇ ಮನೆಗೆ ಬಂದು ಅವಳ ತೊಟ್ಟಿಲ ಪದವನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅವಳು ತೀರಿಕೊಂಡ ಮೇಲೆ ನಮಗೆ ಉಳಿದದ್ದು ಒಂದು ಫೋಟೊ. ಹೋದ ವರ್ಷ ತಮ್ಮ ವಿನೋದನಿಗೆ ಮಗಳು ಹುಟ್ಟಿದಳು. ತೊಟ್ಟಿಲು ಹಾಕುವ ದಿನ ಕೂಸಿಗೆ ಅಜ್ಜಿಯ ದನಿ ಕೇಳಿಸಬೇಕೆಂದು ನಿಮ್ಮ ಕಚೇರಿಗೆ ಬಂದೆ.

"ದಿನಾ ಬ್ಯಾಕಪ್ ಆಗ್ತಿತ್ತು ಮೇಡಂ. ಸ್ಕ್ರೀನ್ ಮೇಲೆ 'ಯಶಸ್ವಿ' ಅಂತ್ಲೇ ಬರ್ತಿತ್ತು" ಎಂದರು ನಿಮ್ಮ ಸಿಬ್ಬಂದಿ ಸಂಜಯ.

"ಒಮ್ಮೆರ ಅದನ್ನ ತೆರೆದು ನೋಡೀರೇನ್ರಿ?"

ಅವರು ನಿಮ್ಮ ಕೋಣೆಯ ಕಡೆ ನೋಡಿದರು. ನೀವು ಹೊರಗೆ ಬಂದು ಹೇಳಿದ್ದು ನೆನಪಿದೆಯೇ? "ತೊಟ್ಟಿಲ ಪದ ಎಲ್ಲಾ ಒಂದೇ ಥರ ಅಲ್ವೇನಮ್ಮ? ಯಾವ್ದಾದ್ರೂ ಒಳ್ಳೆ ಹೆಣ್ಣು ದನಿ ಆರಿಸ್ಕೊಂಡು ಹೋಗಿ." ಎಂಥ ಔದಾರ್ಯ! ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ತಾಯಿಯನ್ನು ಆರಿಸಿಕೊಳ್ಳುವ ಸೌಲಭ್ಯ ಬೇರಾವ ಕಚೇರಿಯಲ್ಲಿದೆ?

ಆರಿಸಿದೆ. ಕಿವಿಗೆ ಹೆಡ್‌ಫೋನ್ ಹಾಕಿ, ಸತ್ತ ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದೆ. ಪಕ್ಕದ ಕುರ್ಚಿಯಲ್ಲಿ, ಗಂಡನ ದನಿ ಹುಡುಕುತ್ತ, ಕಿರವತ್ತಿಯ ರಹಿಮತ್‌ಬಿ ಕೂತಿದ್ದರು. ಗಂಡನ ಹೆಸರು ಗನಿ, ಲಾರಿ ಓಡಿಸುತ್ತಿದ್ದವರು. ಕಾಡುದಾರಿಯ ಕಥೆಗಳನ್ನು ನಿಮ್ಮ ಭಂಡಾರಕ್ಕೆ ಹೇಳಿ, ಮುಂದೆ ತೀರಿಕೊಂಡರು. "ಯಾರು ಕೆಮ್ಮಿದ್ರೂ ಅವ್ರೇ ಅನ್ನಿಸ್ತದ, ಬೇಟಿ" ಎಂದರು ಆಕೆ.

ಕೊನೆಗೆ ಒಂದು ದನಿ ಕೇಳಿ ಇದೇ ಅವ್ವ ಎನ್ನಿಸಿತು. ಮೊಬೈಲಿಗೆ ಹಾಕಿಸಿಕೊಂಡು ಮನೆಗೆ ತಂದೆ. ಅಪ್ಪ ಬಸಪ್ಪ ಕೇಳಿ ಗೋಡೆಗೆ ಮುಖ ಮಾಡಿ ಕೂತ. "ಅಕೀನ. ನಿಮ್ಮವ್ವನ" ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಅವ್ವ ಮತ್ತೆ ಹಾಡತೊಡಗಿದಳು.

ತೊಟ್ಟಿಲ ದಿನವೂ ಹಾಡಿದಳು. ಪದ ಮುಗಿದೊಡನೆ ಮೊಬೈಲ್ ನಿಲ್ಲಿಸಿಬಿಡುವುದು ನನ್ನ ರೂಢಿ. ಆ ದಿನ ಗಡಿಬಿಡಿಯಲ್ಲಿ ಮರೆತೆ. ಹಾಡು ನಿಂತ ಮೇಲೆ ಅದೇ ದನಿ ಯಾರಿಗೋ ಹೇಳಿತು: "ತನೂ, ಬಾಗ್ಲು ಹಾಕು ಮಗಾ."

ವಿನೋದನ ಹೆಂಡತಿಯ ಕಡೆಯಿಂದ ಬಂದಿದ್ದ ಕೋಲಸಿರ್ಸಿಯ ತನುಜಾ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟಳು. "ಇದು ನಮ್ಮಮ್ಮ. ಆ ತನು ನಾನೇ. ನಿಮ್ಗೆ ಇವ್ರು ಎಲ್ಲಿ ಸಿಕ್ರು?"

ಏನು ಹೇಳಲಿ, ಮಾನ್ಯರೇ? ನೀವೇ ಹೇಳಿ. ಅವಳು ಮತ್ತೆ ಮತ್ತೆ ಕೇಳಿಸಿಕೊಂಡು ಅತ್ತಳು. ತನ್ನ ಮೊಬೈಲಿಗೂ ಹಾಕಿಸಿಕೊಂಡಳು. ಹೊರಡುವಾಗ ನನ್ನ ಕೈ ಹಿಡಿದು, "ನಿಮ್ಮಮ್ಮ ಈಗ ಯಾರ ಮನೇಲಿ ಹಾಡ್ತಿದಾರೋ" ಎಂದಳು. ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮರುದಿನ ಸಂಜೆ ಅಪ್ಪ ಮೊಬೈಲಿನ ಕಡೆ ಕೈ ತೋರಿಸಿ, "ಹಚ್ಚವ್ವಾ" ಎಂದ.

"ಅಪ್ಪಾ, ಅದು ಅವ್ವ ಅಲ್ಲ."

"ಗೊತ್ತೈತಿ. ಹಚ್ಚು."

ಪರಿಹಾರ ನನಗೆ ಬೇಡ. ಬೀರುವಿನಲ್ಲಿ ನೀವು ಬೀಗ ಹಾಕಿಟ್ಟಿರುವ ಹಳೆಯ ಬ್ಯಾಕಪ್‌ಗಳನ್ನೆಲ್ಲ ಬಲ್ಲವರ ಕೈಗೆ ಕೊಡಿ. ಬೇರೊಂದು ಕಂಪ್ಯೂಟರಿನಲ್ಲಿ ತೆರೆಸಿ. ಟೇಬಲ್ ಮರಳಿ ಬಂದರೆ ನಮ್ಮೆದುರು ಪರೀಕ್ಷೆಯಾಗಲಿ: ಹೆಸರು ಓದಿ, ದನಿ ಹಚ್ಚಿ, ಆ ಮನೆಯವರು ಹೌದೆನ್ನಲಿ. ಇನ್ನು ಮುಂದೆ ಮರಳಿ ತೆರೆದು ನೋಡದ ಯಾವ ಬ್ಯಾಕಪ್ಪನ್ನೂ ಯಶಸ್ವಿ ಎನ್ನಬೇಡಿ. ಗುರುತಿಸುವವರು ಬದುಕಿರುವಾಗಲೇ ಇದು ಆಗಬೇಕು. ರಹಿಮತ್‌ಬಿಯನ್ನು ಕರೆಯಿರಿ, ಅವರು ಈಗಲೂ ಬಂದು ಕೂರುತ್ತಾರೆ. ನನ್ನನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ. ಅವ್ವನನ್ನು ನೆನೆಯಲು ಕಣ್ಣು ಮುಚ್ಚಿದರೆ ನನಗೀಗ ಕೇಳುವುದು ತನುಜಾಳ ಅಮ್ಮನ ದನಿ.

ಇಂತಿ,
ಹೆತ್ತವಳ ದನಿ ಮರೆತ ಮಗಳು,
ದಾಕ್ಷಾಯಿಣಿ